ಬೀರುವಿನೊಳಗಿನ ಸಿಗ್ನಲ್

ಚಿಕ್ಕಬೈರಪ್ಪನವರು ರೂಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕದೇ ಇದ್ದಿದ್ದರೆ, ಚನ್ನವೀರನ ಮದುವೆ ಇಷ್ಟು ಹೊತ್ತಿಗೆ ನಿಶ್ಚಯವಾಗಿರುತ್ತಿತ್ತು.

ಬಿಟಿಎಂ ಲೇಔಟಿನ ಆ ಮನೆ ಇರುವ ಜಾಗದಲ್ಲಿ ಹಿಂದೆ ಚಿಕ್ಕಬೈರಪ್ಪನವರ ಟೊಮೇಟೊ ತೋಟವಿತ್ತು. ವಯಸ್ಸಿನಲ್ಲಿದ್ದಾಗ ಅದನ್ನು ದೊಣ್ಣೆ ಹಿಡಿದು ಕಾದವರು ಅವರು. ತೋಟ ಹೋಗಿ ಮನೆ ಬಂದರೂ ಕಾಯುವ ಚಾಳಿ ಹೋಗಲಿಲ್ಲ. ಮಗ ಮೋಹಿತ್ ಇಂಟರ್‌ನೆಟ್ ಹಾಕಿಸಿದಾಗ, ಆ ಮಿಣಮಿಣ ದೀಪದ ಪೆಟ್ಟಿಗೆಯನ್ನು ಹೆಂಡತಿಯ ರೇಷ್ಮೆ ಸೀರೆಗಳ ಪಕ್ಕ ಕಬ್ಬಿಣದ ಬೀರುವಿನಲ್ಲಿಟ್ಟರು. ವೈರು ಹೋಗಲೆಂದು ಬೀರುವಿನ ಹಿಂಬದಿಗೆ ತೂತು ಕೊರೆಸಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಮೋಹಿತನ ಕಂಪ್ಯೂಟರಿಗೆ ವೈರು ಹೋಗಿತ್ತು, ಅವನಿಗೆ ತೊಂದರೆ ಇರಲಿಲ್ಲ. ವೈರಿಲ್ಲದ ಸಿಗ್ನಲ್ ಮಾತ್ರ ಆ ತೂತಿನಿಂದ ನುಸುಳಿ ಹೊರಗಿನ ಮೆಟ್ಟಿಲ ಬುಡಕ್ಕೆ ಬಂದು ಬೀಳುತ್ತಿತ್ತು.

ಚನ್ನವೀರ ತಾರಸಿಯ ಮೇಲಿನ ರೂಮಿನ ಬಾಡಿಗೆದಾರ. ವಿಜಾಪುರದ ಕಡೆಯವನು, ಲಾರಿ ಆಫೀಸೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಅವನ ಹಳೇ ಫೋನು ಮಾತಿಗಷ್ಟೇ ಆಗುತ್ತಿತ್ತು. ಲ್ಯಾಪ್‌ಟಾಪ್ ಹಿಡಿದು ಮೆಟ್ಟಿಲ ಬುಡದಲ್ಲಿ ಕೂತರಷ್ಟೇ ಅವನಿಗೆ ಇಂಟರ್‌ನೆಟ್ಟು. ಮನೆಯವರು, ಬಂದವರು ಎಲ್ಲರೂ ಚಪ್ಪಲಿಯನ್ನು ಅಲ್ಲೇ ಬಿಡಬೇಕೆಂಬುದು ಮನೆಯೊಡತಿ ಲಕ್ಷ್ಮಮ್ಮನವರ ಕಟ್ಟಪ್ಪಣೆ.

ಹೋದ ಭಾನುವಾರ ಮಸ್ಕತ್ತಿನಿಂದ ಜಯದೇವಪ್ಪನವರು ಅವನನ್ನು ಕಂಪ್ಯೂಟರಿನ ವಿಡಿಯೊ ಕರೆಯಲ್ಲಿ ನೋಡಿದ್ದರು. ಅವನಿಗೆ ನೋಡಿದ್ದ ಹುಡುಗಿ ಶ್ವೇತಾಳ ಸೋದರಮಾವ, ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಅವರು ಕೇಳಿದ ಒಂದೇ ಪ್ರಶ್ನೆ: "ಏನ್ ತಮ್ಮಾ, ಲೆಕ್ಕಾ ಬರಿತೀನಿ ಅಂದಿ. ಹಿಂದ ಬರೇ ಚಪ್ಪಲಿ ಕಾಣಾಕತ್ತಾವಲ್ಲ? ಗುಡಿ ಮುಂದ ಚಪ್ಪಲಿ ಕಾಯ್ತೀಯೇನು?"

ಮರುದಿನ ತಾಯಿ ಶರಣಮ್ಮನ ಫೋನು. "ಈ ಐತವಾರ ಐದಕ್ಕ ಮತ್ತೊಮ್ಮೆ ನೋಡ್ತಾರಂತ. ಇದ ಕಡೀದು. ರೂಮಿನ್ಯಾಗ ಕುಂತು ಮಾರಿ ತೋರ್ಸಪಾ."

ಶ್ವೇತಾ ಒಮ್ಮೆ ಫೋನಿನಲ್ಲಿ ನಕ್ಕಿದ್ದಳು. ಅಂದಿನಿಂದ ಚನ್ನವೀರನಿಗೆ ಬೇರೆ ಹುಡುಗಿಯ ಫೋಟೊ ನೋಡುವ ಆಸೆಯೇ ಹೋಗಿತ್ತು. ಅವನು ಸಹೋದ್ಯೋಗಿ ಮುತ್ತುರಾಜನ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ರೂಟರೊಂದನ್ನು ಬೇಡಿ ತಂದ. ಕೆಳಗಿನ ರೂಟರಿನಿಂದ ಮೇಲಕ್ಕೆ ವೈರೆಳೆದು ಅದರ ತುದಿಗೆ ಇದನ್ನು ಸಿಕ್ಕಿಸಿದರೆ, ರೂಮಿನಲ್ಲೇ ಸಿಗ್ನಲ್.

ಭಾನುವಾರ ಬೆಳಿಗ್ಗೆ ಬೀರು ತೆಗೆಯುವ ಸಮಾರಂಭ ನಡೆಯಿತು. "ಆ ಕಡೆ ತಿರುಕ್ಕೋ," ಅಂದರು ಚಿಕ್ಕಬೈರಪ್ಪ. ಚನ್ನವೀರ ಗೋಡೆಗೆ ಮುಖ ಮಾಡಿ ನಿಂತ. ಉಡಿದಾರದಿಂದ ಬೀಗದ ಕೈ ಬಿಚ್ಚಿದ ಸದ್ದು, ಬೀರುವಿನ ಕಿರ್ರೆನ್ನುವ ಸದ್ದು. "ಹೂಂ, ಈಗ ಸಿಕ್ಸು ನಿನ್ ವೈರು. ನೋಡು, ನಮ್ಮನೇಲಿ ಇದುವರ್ಗೂ ಒಂದ್ ಚೊಂಬೂ ಕಳ್ತನ ಆಗಿಲ್ಲ. ನಿನ್ ಪೆಟ್ಗೆಯಿಂದ ಆ ಹೆಸರು ಕೆಡಬಾರ್ದು."

ಮೇಲೆ ಹೋಗಿ ವೈರು ಸಿಕ್ಕಿಸಿದ. ಸಿಗ್ನಲ್ ಬಂತು, ಇಂಟರ್‌ನೆಟ್ ಬರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಮೋಹಿತ್ ಕೂಗಿದ: "ಅಣ್ಣಾ, ಏನ್ ಮಾಡಿದ್ರಿ? ನಂದೂ ಹೋಯ್ತು!"

ಮುತ್ತುರಾಜನಿಗೆ ಫೋನು ಹೋಯಿತು. "ಲೇ, ಅಡ್ರೆಸ್ ಕೊಡೂದು ಬಂದ್ ಮಾಡಿಯೇನು?" ಎಂದ ಅವನು.

"ಯಾರ ಅಡ್ರೆಸ್ಸೋ?"

"ಮದುವಿ ಊಟದಾಗ ಯಾರು ಎಲ್ಲಿ ಕುಂದರಬೇಕಂತ ಒಬ್ಬನ ಹೇಳಬೇಕು. ಇಬ್ಬರು ಹೇಳಾಕ ನಿಂತ್ರ ಒಂದ ಎಲಿಗೆ ಇಬ್ಬರು ಕುಂದ್ರತಾರ. ಕೆಳಗಿನ ರೂಟರು ಹೇಳ್ಲಿ, ನಿಂದು ಬರೇ ಬಡಸ್ಲಿ. ನಿನ್ನ ರೂಟರಿನ್ಯಾಗ ಅಡ್ರೆಸ್ ಕೊಡೂದನ್ನ ಬಂದ್ ಮಾಡು. ಮತ್ತ ವೈರು ನೀಲಿ ತೂತಿನ್ಯಾಗ ಹಾಕಿದ್ರ ತಗದು ಹಳದೀಗೆ ಹಾಕು."

ಅದನ್ನೆಲ್ಲ ಮಾಡಿ ಮುಗಿಸುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಕೊನೆಗೂ ರೂಮಿನ ಮೂಲೆಮೂಲೆಯಲ್ಲೂ ಇಂಟರ್‌ನೆಟ್ಟು ಹರಿಯಿತು. ಚನ್ನವೀರನಿಗೆ ಕುಣಿಯಬೇಕೆನ್ನಿಸಿತು. ರೂಟರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಹೊಸ ಚಾದರ ಹಾಸಿ, ಗೋಡೆಗೆ ಬಸವಣ್ಣನ ಪಟ ಹಾಕಿದ.

ಪಕ್ಕದ ಮನೆಯ ಉಮಾಮಹೇಶ್ವರಿ ಆಂಟಿ ಬಿಸಿಲಿಗೆಂದು ಸಂಡಿಗೆ ಹಾಕುತ್ತಿದ್ದುದು ಇದೇ ತಾರಸಿಯಲ್ಲಿ. ಕಿಟಕಿಯಲ್ಲಿ ಇಣುಕಿ ಕೇಳಿದರು: "ಏನಪ್ಪಾ ಇದು, ಎರಡು ಕೊಂಬಿದೆ? ತುಂಬಾ ಕಾಸ್ಟ್ಲಿನಾ?"

"ಹೂಂನ್ರಿ ಆಂಟಿ. ನನ್ನ ಜೀವನಾನ ಇದ್ರ ಮ್ಯಾಲ ನಿಂತೈತ್ರಿ," ಎಂದ ಚನ್ನವೀರ, ಸಂತೋಷದ ಭರದಲ್ಲಿ. ಆ ಮಾತೇ ಅವನಿಗೆ ಮುಳುವಾಯಿತು.

ಐದಕ್ಕೆ ಇನ್ನೂ ಹೊತ್ತಿತ್ತು. ರೂಮಿಗೆ ಬೀಗ ಹಾಕಿ ಶೇವಿಂಗಿಗೆ ಹೋದ. ಭಾನುವಾರದ ಜನಜಂಗುಳಿಯಲ್ಲಿ ಕಾದು, ಕೆನ್ನೆ ಫಳಫಳ ಹೊಳೆಸಿಕೊಂಡು ಓಡೋಡಿ ಬಂದು ಬಾಗಿಲು ತೆಗೆದರೆ ಕಿಟಕಿಯ ಕಟ್ಟೆ ಖಾಲಿ. ವೈರೂ ಇಲ್ಲ, ರೂಟರೂ ಇಲ್ಲ.

ಚಿಕ್ಕಬೈರಪ್ಪನವರಿಗೆ ಫೋನು ಮಾಡಿದ. "ಸರ್, ಕಳ್ಳತನ ಆಗೇತ್ರಿ!"

"ಎಂಥ ಕಳ್ತನ ಬಿಡಯ್ಯ! ಜೀವ್ನ ನಿಂತಿರೋ ವಸ್ತುನ ಹಂಗಾ ಕಿಟಕೀಲಿ ಬಿಟ್ಟೋಗೋದು? ಉಮಾಮಹೇಶ್ವರಿಯಮ್ಮ ಬಂದು ಹೇಳಿದ್ಕೆ ಸರಿಹೋಯ್ತು. ನನ್ ಹತ್ರ ನಿನ್ ರೂಮಿಂದು ಇನ್ನೊಂದ್ ಕೀ ಇತ್ತಲ್ಲ, ನಾನೇ ಎತ್ತಿಟ್ಟೆ."

"ಎಲ್ಲಿಟ್ರಿ ಸರ್?"

"ಇನ್ನೆಲ್ಲಿಡ್ಲಿ? ಬೀರುನಲ್ಲಿ, ನಮ್ದರ ಪಕ್ಕಕ್ಕೇ. ವೈರ್ ಕೀಳ್ದೆ ಹಂಗೇ ಸುತ್ತಿ, ಕರೆಂಟೂ ಕೊಟ್ಟು, ಬೀಗ ಹಾಕಿದೀನಿ. ಜೋಡಿಯಾಗಿ ಉರೀತಾ ಅವೆ. ನಿಶ್ಚಿಂತೆಯಿಂದಿರು."

"ಕೀಲಿ ಎಲ್ಲೈತ್ರಿ?"

"ನನ್ ಸೊಂಟದಲ್ಲಿ. ಪುಟ್ಟೇನಹಳ್ಳೀಲಿ ನಾಮಕರಣಕ್ಕೆ ಬಂದಿದೀವಿ. ರಾತ್ರಿ ಊಟ ಮುಗಿಸ್ಕೊಂಡೇ ಬರೋದು."

ಐದು ಗಂಟೆ. ಚನ್ನವೀರ ಬಸವಣ್ಣನ ಪಟವನ್ನು ಕಂಕುಳಲ್ಲಿ ಹಿಡಿದು ಮೆಟ್ಟಿಲ ಬುಡಕ್ಕೇ ಬಂದು ಕೂತ. ಪಟವನ್ನು ಹಿಂದೆ ಒರಗಿಸೋಣವೆಂದರೆ ಚಪ್ಪಲಿಯ ಪಕ್ಕದಲ್ಲಿಡಲು ಮನಸ್ಸು ಒಪ್ಪಲಿಲ್ಲ, ತೊಡೆಯ ಮೇಲಿಟ್ಟುಕೊಂಡ. ಬೀರುವಿನಲ್ಲಿ ಈಗ ಎರಡು ರೂಟರು. ಸಿಗ್ನಲ್ ಎಂದೂ ಇಲ್ಲದಷ್ಟು ಜೋರಾಗಿತ್ತು. ಜಯದೇವಪ್ಪನವರ ಮೀಸೆಯ ಒಂದೊಂದು ಕೂದಲೂ ಕಾಣುತ್ತಿತ್ತು. ಅವರಿಗೂ ಚಪ್ಪಲಿಗಳು ಹಾಗೆಯೇ ಕಂಡವು.

"ಮತ್ತ ಅಲ್ಲೇ ಕುಂತೀಯಲ್ಲೋ?"

"ಇಲ್ರಿ ಮಾವಾರ, ನಂದು ರೂಮು ಮ್ಯಾಲೈತ್ರಿ. ದೇವರಾಣಿ. ಇವತ್ತೊಂದಿನ ಏನಾತಂದ್ರ..."

ಅವನ ಮಾತು ಮುಗಿಯಲಿಲ್ಲ. ಸಂಡಿಗೆ ತೆಗೆಯಲು ಬಂದ ಉಮಾಮಹೇಶ್ವರಿ ಆಂಟಿ, ಲಕ್ಷ್ಮಮ್ಮನವರ ಕಟ್ಟಪ್ಪಣೆಯಂತೆ, ಚಪ್ಪಲಿಯನ್ನು ಅವನ ಬೆನ್ನ ಹಿಂದೆಯೇ ಬಿಟ್ಟು ಹೇಳಿದರು: "ಹೊಸಾ ಚಪ್ಲಿ ಕಣಪ್ಪಾ, ನಾನು ಬರೋವರ್ಗೂ ಸ್ವಲ್ಪ ನೋಡ್ಕೋತಿರು."

ಮಸ್ಕತ್ತಿನಲ್ಲಿ ಜಯದೇವಪ್ಪನವರು ನಿಧಾನವಾಗಿ ತಲೆಯಾಡಿಸಿದರು.

"ಇರ್ಲಿ ಬಿಡಪಾ. ಡ್ಯೂಟಿ ಮ್ಯಾಲ ಇದ್ದಾಗ ಮಾತಾಡಬಾರ್ದು," ಎಂದು ಲೈನು ಕತ್ತರಿಸಿದರು.