ದಿನಕ್ಕೆ ನಲವತ್ತು ಚಾಂಚಲ್ಯ

ಕಂಪ್ಯೂಟರಿನ ಮುಂದೆ ಕೂತ ನೌಕರನ ಗಮನ ದಿನಕ್ಕೆ ನಲವತ್ತು ಸಲ ಮಾತ್ರ ಕದಲಬಹುದು. ಇದು ನಿಯಮ.

ಅಳೆಯಲು ‘ಶ್ರದ್ಧಾಮಾಪಿನಿ’ ಎಂಬ ತಂತ್ರಾಂಶ ಬಂತು. ಮಲಯಾಳದಲ್ಲಿ ಶ್ರದ್ಧೆ ಎಂದರೆ ಗಮನ. ಪರದೆಯಲ್ಲಿ ಒಂದು ಕಡತದಿಂದ ಇನ್ನೊಂದಕ್ಕೆ ಹೋದರೆ ಒಂದು ಚಾಂಚಲ್ಯ. ನಲವತ್ತು ದಾಟಿದವರ ಗುತ್ತಿಗೆ ತಿಂಗಳ ಕೊನೆಗೆ ರದ್ದು.

ಗಡಿನಾಡಿನ ಆ ಪಂಚಾಯತ್ ಕಚೇರಿಯಲ್ಲಿ ಮಲಯಾಳ ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು ಗುತ್ತಿಗೆಯ ಶ್ರೀರಂಜಿನಿಯ ಕೆಲಸ. ತಂತ್ರಾಂಶ ಬಂದ ಮೊದಲ ದಿನವೇ ಅವಳ ಚಾಂಚಲ್ಯ ಆರುನೂರ ಹದಿನಾಲ್ಕು. ಪಕ್ಕದ ಮೇಜಿನ ಕೇಶವಪ್ರಸಾದ ದಿನವಿಡೀ ಕಂಪ್ಯೂಟರಿನಲ್ಲಿ ಇಸ್ಪೀಟ್ ಆಡಿದ್ದ, ಸೊನ್ನೆ. ಅವನಿಗೆ ಪ್ರಶಂಸಾಪತ್ರ ಬಂತು.

ಸೆಕ್ರೆಟರಿ ವಿಜೇತ್ ಅವಳನ್ನು ಕರೆಸಿದರು.

“ಎಂತ ಮೇಡಂ ಇದು? ಮನಸ್ಸು ಎಲ್ಲಿ ಉಂಟು ನಿಮ್ಮದು?”

“ಒಂದು ಕಡೆ ಮಲಯಾಳ ಓದಬೇಕು ಸರ್, ಇನ್ನೊಂದು ಕಡೆ ಕನ್ನಡ ಬರೆಯಬೇಕು.”

“ಎರಡರಲ್ಲಿ ಒಂದು ಮಾಡಿ.”

“ಪ್ರಿಂಟ್ ತೆಗೆದು ನೋಡಿ ಬರೆಯಲಾ?”

“ಕಾಗದ ಉಳಿಸುವ ಆದೇಶ ಉಂಟು. ನಿಮ್ಮದು ಕನ್ನಡ ಪೋಸ್ಟ್ ಅಲ್ವಾ? ಬರೆಯಿರಿ.”

ಎರಡು ವರ್ಷ ಕಾದು ಸಿಕ್ಕಿದ ಕೆಲಸ. ಬರೆದಳು.

ಮುಂದಿನ ಪ್ರಕಟಣೆ ಬುಧವಾರ ನಡೆಯುವ ನಾಯಿಗಳ ಚುಚ್ಚುಮದ್ದಿನದು. ಕಡತದ ಹೆಸರಿನಲ್ಲಿ ಕಂಡದ್ದು ದಿನ ಮಾತ್ರ; ಶ್ರೀರಂಜಿನಿ ಅದನ್ನು ತೆರೆಯಲೇ ಇಲ್ಲ. ಕಳೆದ ವರ್ಷ ಈ ತಿಂಗಳು ಎಂತ ಇತ್ತೆಂದು ನೆನಪು ಮಾಡಿಕೊಂಡು ತೆಂಗಿನ ಸಸಿ ವಿತರಣೆ ಎಂದು ಬರೆದಳು. ಚಾಂಚಲ್ಯ ಸೊನ್ನೆ.

ಬುಧವಾರ ಅಂಗಳದಲ್ಲಿ ಎರಡು ಸಾಲು. ಮಲಯಾಳ ಓದಿದವರು ನಾಯಿ ಹಿಡಿದಿದ್ದರು, ಕನ್ನಡ ಓದಿದವರು ಗೋಣಿ.

ಗೋಣಿಯ ಕಿಟ್ಟಣ್ಣ ಪಶುವೈದ್ಯರ ಕೈ ನೋಡಿದ. “ಸಸಿಗೆ ಇಂಜೆಕ್ಷನ್ ಎಂತಕ್ಕೆ ಡಾಕ್ಟ್ರೇ?”

“ನಿಮ್ಮ ನಾಯಿ ಎಲ್ಲಿ?”

“ಈ ಸಲ ನಾಯಿಯೂ ತರಬೇಕಾ?”

ವಿಚಾರಣೆ ಆಯಿತು. ನೆನಪಿನಿಂದ ಬರೆದದ್ದೆಂದು ಹೇಳಿದ ಶ್ರೀರಂಜಿನಿ ಬುತ್ತಿ, ಕೊಡೆ ಚೀಲಕ್ಕೆ ತುಂಬಿಸಿ ಹೊರಡಲು ತಯಾರಾಗಿ ನಿಂತಳು.

ಸೆಕ್ರೆಟರಿ ಎರಡೂ ಪ್ರಕಟಣೆಗಳ ಅಳತೆ ತೆಗೆಸಿದರು. ಮಲಯಾಳ ಬರೆದ ಗುಮಾಸ್ತ ಅವಿನಾಶನದು ಐವತ್ತೇಳು. ಪಶು ಆಸ್ಪತ್ರೆಯ ಪತ್ರವನ್ನು ಆಗಾಗ ತೆರೆದು ನೋಡಿದ್ದ. ಕನ್ನಡದ್ದು ಸೊನ್ನೆ.

“ತಪ್ಪು ಯಾರದ್ದೆಂದು ಗೊತ್ತಾಯಿತಲ್ಲ,” ಎಂದರು.

ಆದೇಶ ಹೊರಟಿತು: ಅನುವಾದಕ್ಕೆ ಹೊಂದದ ಮೂಲವನ್ನು ಕೂಡಲೇ ತಿದ್ದತಕ್ಕದ್ದು. ಅನುವಾದಕಿಯ ಗುತ್ತಿಗೆಯನ್ನು ಮೂರು ವರ್ಷ ವಿಸ್ತರಿಸತಕ್ಕದ್ದು.

ಸಸಿಗಳು ಬಂದವು. ನಾಯಿ ತಂದವರಿಗೂ ಎರಡೆರಡು ಕೊಟ್ಟರು. ರುಜು ಹಾಕಿ ಕೊಂಡುಹೋದರು.

ಒಬ್ಬ ಮಾತ್ರ ನಾಯಿ ಹಿಡಿದುಕೊಂಡೇ ಸೆಕ್ರೆಟರಿಯನ್ನು ಕೇಳಿದ, “ಸರ್, ಚುಚ್ಚುಮದ್ದು ಯಾವಾಗ?”

“ಮೇಡಮಿಗೆ ನೆನಪಾದಾಗ.”

ಅವನು ತಲೆಯಾಡಿಸಿ, ನಾಯಿಯೊಂದಿಗೆ ಶ್ರೀರಂಜಿನಿಯ ಮೇಜಿನ ಮುಂದೆ ಹೋಗಿ ಕೂತ.