ಮೀಸೆಯ ಮರಹಬಾ

ಕಿಕೋಟಿಯ ಕಷ್ಟಕ್ಕೆಲ್ಲ ಮೂಲ ಮೋಡ. ರುವಾಹಾ ನದಿಯಂಚಿನ ಆ ಕಾಡಿನಲ್ಲಿ ಹನ್ನೊಂದು ವರ್ಷದಿಂದ ಸಫಾರಿ ಜೀಪು ಓಡಿಸುತ್ತಿದ್ದ ಅವನು ಕಂಡ ಸಿಂಹಗಳಲ್ಲಿ ಅರ್ಧಕ್ಕರ್ಧ ಆಕಾಶದಲ್ಲೇ ಇದ್ದವು. ಜೀಪು ನಿಲ್ಲಿಸಿ, ತಲೆಯೆತ್ತಿ, ಮೋಡವೊಂದು ಕೇಸರ ಬಿಚ್ಚಿ ಮೈಮುರಿಯುವುದನ್ನೇ ನೋಡುತ್ತ ಕೂರುತ್ತಿದ್ದ. ಅಷ್ಟರಲ್ಲಿ ನೆಲದ ಮೇಲಿನ ಸಿಂಹ ಜೀಪಿನ ಹಿಂದಿನಿಂದ ದಾರಿ ದಾಟಿ ಹೋಗಿಬಿಡುತ್ತಿತ್ತು. ಶಿಬಿರದ ಕರಿಹಲಗೆಯಲ್ಲಿ ಅವನ ಹೆಸರಿನ ಮುಂದೆ, ಸಿಂಹ ಕಂಡ ದಿನ ಗೀಟೆಳೆಯುವ ಮನೆಯಲ್ಲಿ, ಆರು ದಿನದಿಂದ ಒಂದು ಗೀಟೂ ಬಿದ್ದಿರಲಿಲ್ಲ.

ಏಳನೆಯ ದಿನ ಬೆಳಿಗ್ಗೆ ಮೇನೇಜರ್ ಚೆಂಗುಲ ಅವನನ್ನು ಹಲಗೆಯ ಮುಂದೆ ನಿಲ್ಲಿಸಿದ. ಚೆಂಗುಲನ ಮೀಸೆ ಅವನಿಗಿಂತ ಒಂದು ಹೆಜ್ಜೆ ಮುಂಚೆಯೇ ಬಾಗಿಲು ದಾಟುವಂಥದ್ದು.

"ನೋಡಪ್ಪ, ಇವತ್ತು ಈ ಮನೇಲಿ ಗೀಟು ಬೀಳ್ಬೇಕು. ಇಲ್ಲಾಂದ್ರೆ ನಾಳೆಯಿಂದ ನಿನ್ನ ಕೈಗೆ ಸ್ಟೇರಿಂಗು ಇಲ್ಲ, ಇಸ್ತ್ರಿಪೆಟ್ಟಿಗೆ."

ಕಿಕೋಟಿಗೆ ನಿಜಕ್ಕೂ ಹೆದರಿಕೆಯಾಯಿತು. ಬೈಗುಳ ಅವನಿಗೆ ಅಭ್ಯಾಸವಾಗಿತ್ತು. ಆದರೆ ಇಸ್ತ್ರಿಕೋಣೆಗೆ ಕಿಟಕಿಯಿಲ್ಲ. ಅಲ್ಲಿಂದ ಒಂದು ತುಣುಕು ಮೋಡವೂ ಕಾಣುವುದಿಲ್ಲ.

ಅಂದು ಅವನ ಪಾಲಿಗೆ ಬಂದವರು ಇರಿಂಗಾ ಪಟ್ಟಣದ ನಿವೃತ್ತ ಟೀಚರ್ ಸಿಕುಜುವಾ. ಮಡಿಲಲ್ಲಿ ಒಂದು ಬುಟ್ಟಿ ಮಂದಾಜಿ, ಎಣ್ಣೆಯಲ್ಲಿ ಕರಿದ ಸಿಹಿ ಬನ್ನು. ಕನ್ನಡಕ ಮಾತ್ರ ಬಸ್ಸಿನಲ್ಲೇ ಬಿಟ್ಟುಬಂದಿದ್ದರು.

"ದೂರದ್ದು ಸ್ವಲ್ಪ ಮಸುಕಪ್ಪ," ಎಂದರು ಟೀಚರ್. "ನೀನು ಹೇಳ್ತಾ ಹೋಗು, ನಾನು ನೋಡ್ತಾ ಹೋಗ್ತೀನಿ."

ಮಳೆಗಾಲದ ಕೊನೆ. ಹುಲ್ಲಿನ ಮೇಲೆ ಬಿಸಿಲು ಅಲುಗದೆ ಬಿದ್ದಿತ್ತು. ಜಿರಾಫೆಗಳು ನಿದ್ದೆಯಲ್ಲಿ ನಡೆಯುವವರಂತೆ ಬಂದು ಹೋದವು. ಹೊತ್ತು ನೆತ್ತಿಗೇರಿತು. ಬುಟ್ಟಿ ಅರ್ಧ ಖಾಲಿಯಾದರೂ ಸಿಂಹದ ಸುಳಿವಿರಲಿಲ್ಲ.

ಆಗ ವೈರ್‌ಲೆಸ್ ಕರಕರ ಎಂದಿತು. ಅದರಲ್ಲಿ ಚಾಲಕರು ಸಿಂಹವನ್ನು ಸಿಂಹ ಎನ್ನುವುದಿಲ್ಲ. ಆ ಹೆಸರು ಕಿವಿಗೆ ಬಿದ್ದರೆ ಅತಿಥಿಗಳು ಸೀಟಿನ ಮೇಲೆ ಎದ್ದು ನಿಲ್ಲುತ್ತಾರೆ. ಹೋಗಿ ನೋಡಿದಾಗ ಸಿಂಹ ಇಲ್ಲದಿದ್ದರೆ ಮುಖ ಊದಿಸಿಕೊಳ್ಳುತ್ತಾರೆ. ಅದಕ್ಕೇ ಸಿಂಹಕ್ಕೆ 'ಮೀಸೆ', ಆನೆಗೆ 'ಕಿವಿ'. ತೊಂದರೆಯೆಂದರೆ, ಬೆನ್ನ ಹಿಂದೆ ಅವರು ಚೆಂಗುಲನನ್ನೂ ಮೀಸೆ ಎಂದೇ ಕರೆಯುತ್ತಿದ್ದರು. ಮಲಗಿದ್ದಾನೆ, ಮಲಗಿದೆ ಎಂಬ ಭೇದ ಅವರಾಡುವ ಸ್ವಾಹಿಲಿಯಲ್ಲಿಲ್ಲ. ಮನುಷ್ಯನಿಗೂ ಸಿಂಹಕ್ಕೂ ನಿದ್ದೆ ಒಂದೇ.

"ವಾಲಿದ ಬಾವೊಬಾಬ್ ಮರದಡಿ ಮೀಸೆ," ಎಂದ ಇನ್ನೊಬ್ಬ ಚಾಲಕ ನ್ಯೆಂಜ. "ಊಟ ಜೋರಾಗಿದೆ, ಅಂಗಾತ ನಿದ್ದೆ. ಕಿಕೋಟಿ, ಕೇಳಿಸ್ತೇನೋ? ಮೋಡದಲ್ಲಲ್ಲ, ಮರದಡಿ."

ಕಿಕೋಟಿ ಜೀಪನ್ನು ಓಡಿಸಿದ ರಭಸಕ್ಕೆ ನಾಲ್ಕು ಮಂದಾಜಿ ಆಚೆ ಹಾರಿದವು. ಆದರೆ ಕೊನೆಯ ತಿರುವಿನಲ್ಲಿ ಅವನು ಬ್ರೇಕು ಒತ್ತಿದ. ಅಲ್ಲಿ ಚೆಂಗುಲನ ಹಸಿರು ಜೀಪು ಖಾಲಿ ನಿಂತಿತ್ತು. ಆಚೆ ವಾಲಿದ ಮರದ ದಪ್ಪ ಬೊಡ್ಡೆಯ ಪಕ್ಕ ಚೆಂಗುಲನ ಎರಡು ಬೂಟುಗಳು ಕಾಣುತ್ತಿದ್ದವು. ನ್ಯೆಂಜ ಹೇಳಿದ್ದು ಆ ಮೀಸೆಯಲ್ಲ, ಈ ಮೀಸೆ ಎಂದುಕೊಂಡ. ಊಟ ಮಾಡಿ ಮಲಗಿರುವ ಮೇನೇಜರನ್ನು ತೋರಿಸಿ ನ್ಯೆಂಜ ತನ್ನನ್ನು ಮಂಗ ಮಾಡಿದ್ದ.

ಆಮೇಲೆ ಇನ್ನೊಂದು ಯೋಚನೆ ಬಂತು. ಹೊಟ್ಟೆ ತುಂಬಿದ ಹೊತ್ತು, ಅರೆನಿದ್ದೆ, ತಣ್ಣನೆಯ ನೆರಳು. ಬೇಡಿಕೊಳ್ಳುವುದಾದರೆ ಇದೇ ಸಮಯ. ಜೀಪಿನಿಂದ ಇಳಿಯಬಾರದು ಎಂಬ ನಿಯಮ ಬರೆದಂಟಿಸಿದವನೇ ಇಳಿದು ಮಲಗಿರುವಾಗ ತಾನು ಇಳಿದರೆ ತಪ್ಪೇನು?

"ಐದೇ ನಿಮಿಷ, ಟೀಚರ್. ದೊಡ್ಡವರನ್ನ ಮಾತಾಡಿಸ್ಕೊಂಡು ಬರ್ತೀನಿ."

ಬೊಡ್ಡೆಯ ಈಚೆ ನಿಂತು ಅವನು ಕೈಕಟ್ಟಿ ತಲೆಬಾಗಿಸಿದ.

"ಶಿಕಮೂ, ಬ್ವಾನಾ."

ಹಿರಿಯರಿಗೆ ಹೇಳುವ 'ಶಿಕಮೂ' ಎಂಬ ಈ ನಮಸ್ಕಾರಕ್ಕೆ ಹಿರಿಯರು 'ಮರಹಬಾ' ಎನ್ನಲೇಬೇಕು. ಕೋಪವಿರಲಿ, ಕಾಯಿಲೆಯಿರಲಿ, ಎನ್ನದೆ ಬಿಟ್ಟವರನ್ನು ಆ ನಾಡು ಕಂಡಿಲ್ಲ. ಬೊಡ್ಡೆಯಾಚೆಯಿಂದ ಘೊರ್ ಎಂದು ಗೊರಕೆ ಕೇಳಿಸಿತು.

"ಮಲಗಿರೋವಾಗ ತೊಂದ್ರೆ ಕೊಟ್ಟೆ, ಕ್ಷಮಿಸಿ. ಆ ಸ್ಟೇರಿಂಗೊಂದು ನನ್ನ ಕೈಲಿ ಬಿಡಿ, ಬ್ವಾನಾ. ಸಿಂಹ ಕಾಣದೇ ಇರೋದು ನನ್ನ ಹಣೇಬರಹ. ಶಿಕಮೂ."

"ಮರಹಬಾ," ಎಂದು ಮೇಲಿನಿಂದ ಕೀರಲು ದನಿಯೊಂದು ಬಂತು.

ಗೊರಕೆ ಆಚೆ, ಬೂಟು ಈಚೆ, ಮಾತು ಮೇಲೆ. ಕನಸಿನಲ್ಲಿ ಹೀಗೆಲ್ಲ ಆಗುವುದುಂಟಾದ್ದರಿಂದ ಕಿಕೋಟಿಗೆ ಮೊದಲು ವಿಶೇಷವೆನಿಸಲಿಲ್ಲ. ಆಗ ಬೂಟಿನ ಪಕ್ಕ ಒಂದು ಬಾಲ ಎದ್ದು, ನೊಣ ಓಡಿಸಿ, ಮತ್ತೆ ಮಲಗಿತು. ಅವನು ಮೆಲ್ಲಗೆ ತಲೆಯೆತ್ತಿದ. ದಟ್ಟ ಎಲೆಗಳ ನಡುವೆ, ಕೊಂಬೆ ಅಪ್ಪಿಕೊಂಡು, ಬರಿಗಾಲಿನ ಚೆಂಗುಲ ಕೂತಿದ್ದ. 'ಹೋಗು, ಯಾರಿಗೂ ಹೇಳಬೇಡ' ಎಂದು ಕೈ ಆಡಿಸುತ್ತಿದ್ದ.

ಸಿಂಹ ಎದ್ದು ಬೊಡ್ಡೆಯ ಈಚೆ ಬಂತು. ತುಂಬಿದ ಹೊಟ್ಟೆ ನೆಲಕ್ಕೆ ತಾಗುವಂತಿತ್ತು. ಕಿಕೋಟಿಯನ್ನು ನೋಡಿ ದೀರ್ಘವಾಗಿ ಆಕಳಿಸಿ, ಅದು ನದಿಯ ಕಡೆ ಹೊರಟುಹೋಯಿತು. ಹಿಂದೆ ಹಿಂದೆ ಹೆಜ್ಜೆಯಿಟ್ಟು ಜೀಪು ಸೇರಿದ ಕಿಕೋಟಿಯ ಕಣ್ಣಲ್ಲಿ ನೀರಿತ್ತು. ಬದುಕಿದೆ ಎಂದಲ್ಲ, ಗೀಟು ಬಿತ್ತು ಎಂದು.

"ಕಂಡೆನಪ್ಪ," ಎಂದರು ಟೀಚರ್, ಮಂದಾಜಿ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು. "ಕಣ್ಣು ಮಸುಕು, ಕಿವಿ ಚುರುಕು. ಎಲ್ಲಾ ಕೇಳಿಸ್ಕೊಂಡೆ. ನಿಮ್ಮ ಅತಿಥಿ ಪುಸ್ತಕದಲ್ಲಿ ಒಂದು ಪುಟ ಬರೀತೀನಿ, ನೋಡ್ತಿರು."

ಸಂಜೆ ಚಾಲಕರೆಲ್ಲ ಕರಿಹಲಗೆಯ ಮುಂದೆ ಸೇರಿದ್ದರು. ಕಿಕೋಟಿ ಸೀಮೆಸುಣ್ಣ ಎತ್ತಿದ. ಎಲ್ಲಿಂದಲೋ ಬಂದ ಚೆಂಗುಲ ಅವನ ಮಣಿಕಟ್ಟು ಹಿಡಿದ. ಚೆಂಗುಲ ಮಾತ್ರ ಗೋಡೆಗೆ ಬೆನ್ನು ಕೊಟ್ಟೇ ನಿಂತಿದ್ದ.

"ಎಲ್ಲಿ ನೋಡಿದೆ?"

"ಅದೇ... ಮರದಡಿ, ಬ್ವಾನಾ."

"ಸಾಕ್ಷಿ?"

"ಅತಿಥಿ ಪುಸ್ತಕ ಇದೆಯಲ್ಲ," ಎಂದ ಕಿಕೋಟಿ, ಈ ಪ್ರಶ್ನೆಗೇ ಕಾದವನಂತೆ.

ಚೆಂಗುಲ ಪುಸ್ತಕ ತೆರೆದು ಎಲ್ಲರಿಗೂ ಕೇಳುವಂತೆ ಓದಿದ: "ಚಾಲಕ ಕಿಕೋಟಿಯವರು ನನಗೆ ತೋರಿಸಿದ ಸಿಂಹ ಬಹಳ ಸಂಸ್ಕಾರವಂತ ಪ್ರಾಣಿ. ಶಿಕಮೂ ಎಂದರೆ ಮರಹಬಾ ಎಂದಿತು. ಈಗಿನ ಮಕ್ಕಳು ಅದನ್ನು ನೋಡಿ ಕಲಿಯಬೇಕು."



"ನಾನು ನೋಡಿದ ಮೀಸೆ ಮಾತಾಡ್ಲಿಲ್ಲಪ್ಪ," ಎಂದ ನ್ಯೆಂಜ. ನಗು ಅಂಗಳ ದಾಟಿ ಅಡುಗೆಮನೆಯವರೆಗೂ ಹೋಯಿತು.

"ಮಾತಾಡೋ ಸಿಂಹ ಈ ಹಲಗೇಲಿ ಬರಲ್ಲ," ಎಂದ ಚೆಂಗುಲ ಗಂಭೀರವಾಗಿ. "ಪಾಪ, ಕನ್ನಡಕ ಇಲ್ಲದ ಹೆಂಗಸಿಗೂ ಮೋಡಾನೇ ತೋರಿಸಿದಾನೆ. ಮರಹಬಾ ಅಂದದ್ದು ಇನ್ಯಾರಾದ್ರೂ ಇದ್ರೆ ಹೇಳು ಕಿಕೋಟಿ, ಬರ್ಕೋತೀನಿ."

ಕಿಕೋಟಿ ಬಾಯಿ ತೆರೆದ. ಹೇಳಿದರೆ ತಾನು ಕೆಳಗಿಳಿದದ್ದನ್ನೂ ಹೇಳಬೇಕು. ಆಗ ಇಸ್ತ್ರಿಪೆಟ್ಟಿಗೆಯೂ ಸಿಗದು. ಅವನು ಬಾಯಿ ಮುಚ್ಚಿ ಸೀಮೆಸುಣ್ಣವನ್ನು ಸ್ವಸ್ಥಾನದಲ್ಲಿಟ್ಟ.

ಮರುದಿನ ಬೆಳಿಗ್ಗೆ ಕಿಟಕಿಯಿಲ್ಲದ ಕೋಣೆಯಲ್ಲಿ ಅವನ ಕೈಗೆ ಬಂದ ಮೊದಲ ಬಟ್ಟೆ ಚೆಂಗುಲನ ಖಾಕಿ ಪ್ಯಾಂಟು. ಹಿಂಭಾಗ ಮೊಳದುದ್ದ ಹರಿದಿತ್ತು. ಹೊಲಿಗೆಯಲ್ಲಿ ಬಾವೊಬಾಬ್ ನಾರು ಇನ್ನೂ ಸಿಕ್ಕಿಕೊಂಡಿತ್ತು. ನೀರು ಚಿಮುಕಿಸಿ ಕೆಂಡ ತುಂಬಿದ ಪೆಟ್ಟಿಗೆಯಿಟ್ಟ. ಬುಸ್ ಎಂದು ಆವಿ ಎದ್ದು, ಸೂರಿನ ಕೆಳಗೆ ಸುತ್ತಿ, ಮೆಲ್ಲಗೆ ನಾಲ್ಕು ಕಾಲು ಮೂಡಿಸಿಕೊಂಡಿತು. ಆಮೇಲೆ ತಲೆ, ಆಮೇಲೆ ಮೀಸೆ. ಕಿಕೋಟಿ ಮುಖವೆತ್ತಿ ನಿಂತುಬಿಟ್ಟ.

"ಶಿಕಮೂ," ಎಂದ, ಪ್ರೀತಿಯಿಂದ.

"ಮರಹಬಾ," ಎಂದಿತು ಹೊರಗೆ ಹಾದುಹೋಗುತ್ತಿದ್ದ ಚೆಂಗುಲನ ದನಿ, ಅಭ್ಯಾಸಬಲದಿಂದ. "ಪ್ಯಾಂಟು ಆಯ್ತಾ?"

ಕಿಕೋಟಿಗೆ ಅದು ಕೇಳಿಸಲಿಲ್ಲ. ಬಟ್ಟೆ ಸುಟ್ಟ ವಾಸನೆ ಕೋಣೆ ತುಂಬುವಾಗಲೂ ಅವನ ಸಿಂಹ ಇನ್ನೂ ಕೇಸರ ಬಿಚ್ಚುತ್ತಿತ್ತು.