ಚಿಕ್ಕತ್ತೆಯ ಕಾಲರ್ ರವಿಕೆ

ನಮ್ಮ ಚಿಕ್ಕತ್ತೆಯ ಮೊಣಕೈ ಹೇಗಿದೆ ಅಂತ ಇಡೀ ಶಿಡ್ಲಘಟ್ಟದಲ್ಲಿ ಒಬ್ಬರಾದರೂ ಹೇಳಲಿ, ನೋಡೋಣ! ಸಾಧ್ಯವೇ ಇಲ್ಲ. ಅತ್ತೆಯ ರವಿಕೆ ಕುತ್ತಿಗೆಯ ಕಾಲರಿನಿಂದ ಶುರುವಾಗಿ ಮಣಿಕಟ್ಟಿನ ಗುಂಡಿಯಲ್ಲಿ ಮುಗಿಯುತ್ತದೆ. ಏಪ್ರಿಲ್ ಬಿಸಿಲಿಗೆ ರಸ್ತೆಯ ಟಾರು ಕರಗಿದರೂ ಆ ಗುಂಡಿ ಬಿಚ್ಚುವುದಿಲ್ಲ. ಸಾಲದ್ದಕ್ಕೆ ಎಡಗಡೆ ಒಂದು ಜೇಬು. ಅದರಲ್ಲಿ ಮೊಬೈಲು, ಸ್ಕೂಟರಿನ ಕೀ, ಎರಡು ಏಲಕ್ಕಿ. ಈ ವೇಷದಲ್ಲಿ ದಿಬ್ಬೂರಹಳ್ಳಿಯ ಹಿಪ್ಪುನೇರಳೆ ತೋಟದಿಂದ ಬಂದು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇಳಿದರೆ, ಹೊಸಬರು ಯಾರೋ ಇನ್‌ಸ್ಪೆಕ್ಟರ್ ಬಂದರೆಂದು ಎದ್ದು ನಿಲ್ಲುತ್ತಾರೆ.

ಜನ ಸುಮ್ಮನಿರುತ್ತಾರೆಯೇ? ಕೈ ಸುಟ್ಟಿದೆಯಂತೆ ಅಂತ ಒಬ್ಬರು. ಯಾರದೋ ಹೆಸರಿನ ಹಚ್ಚೆ ಇದೆಯಂತೆ ಅಂತ ಇನ್ನೊಬ್ಬರು. ದೇವರಾಣೆಗೂ ಏನೂ ಇಲ್ಲ! ಎಣ್ಣೆಸ್ನಾನದ ದಿನ ಬೆನ್ನುಜ್ಜುವವಳು ನಾನೇ, ನನಗೆ ಗೊತ್ತಿಲ್ಲವೇ? ಒಮ್ಮೆ ಕೇಳಿಯೇಬಿಟ್ಟೆ.

"ಯಾಕತ್ತೆ ಇಷ್ಟೊಂದು ಮುಚ್ಕೊಂಡು ಓಡಾಡ್ತೀರ?"

"ಇಷ್ಟ ಕಣೇ. ನೀನು ಮೂಲಂಗಿ ತಿನ್ನಲ್ಲ, ಯಾಕೆ ಅಂತ ನಾನೇನಾದ್ರೂ ಕೇಳಿದೀನಾ?"

ಬಸ್ ಸ್ಟ್ಯಾಂಡ್ ಹತ್ತಿರದ ಟೈಲರ್ ಸಾಹೇಬರಿಗೆ ಅತ್ತೆ ಅಂದರೆ ಭಯ. ಅಳತೆಗೆಂದು ಹಳೇ ರವಿಕೆ ಕೊಡುವುದು ನಮ್ಮ ಕಡೆಯ ಪದ್ಧತಿ. ಒಂದು ಸಲ ಸಾಹೇಬರು ಆ ಅಳತೆಯನ್ನು ಪಕ್ಕಕ್ಕಿಟ್ಟು, ಅತ್ತೆಯ ಉದ್ಧಾರಕ್ಕೆಂದೇ ಗಿಣಿಹಸಿರು ಬಟ್ಟೆಗೆ ಗೇಣುದ್ದದ ತೋಳಿಟ್ಟು, ಬೆನ್ನಿಗೆ ಕಿಟಕಿ ತೆಗೆದು, ದಾರ, ಗೊಂಡೆ ಎಲ್ಲ ಕಟ್ಟಿದ್ದರು.

"ಫ್ಯಾಷನ್ ಅಮ್ಮಾ! ಈಗೆಲ್ಲಾ ಇದೇ!"

"ಫ್ಯಾಷನ್ ನಿಮ್ದು ಸಾಹೇಬ್ರೇ, ಬೆನ್ನು ನನ್ದು. ಮುಚ್ಚಿ ಕೊಡಿ."

ಹಸಿರು ಬಟ್ಟೆ ಮುಗಿದಿತ್ತು. ಕೊನೆಗೆ ಕೆಂಪು ಬಟ್ಟೆಯಲ್ಲಿ ತೋಳು ಉದ್ದ ಮಾಡಿ, ಬೆನ್ನಿಗೂ ಕೆಂಪು ತುಂಡು ಹೊಲಿದರು. ಅತ್ತೆ ಅದನ್ನೇ ತೊಟ್ಟು ತಲೆಯೆತ್ತಿಕೊಂಡು ಊರೆಲ್ಲ ತಿರುಗಿದರು. ಮುಂದಿನ ವಾರ ಇಬ್ಬರು ಕಾಲೇಜು ಹುಡುಗಿಯರು ಅಂಗಡಿಗೆ ಬಂದು, "ಅಂಕಲ್, ಆ ಸ್ಕೂಟರ್ ಆಂಟಿ ಮಾಡೆಲ್ ಬೇಕು" ಅನ್ನಬೇಕೇ! ಈಗ ಸಾಹೇಬರು ಅದು ತಮ್ಮದೇ ಡಿಸೈನ್ ಎಂದು ಹೇಳಿಕೊಳ್ಳುತ್ತಾರೆ.

ಅತ್ತೆಗೆ ನಿಜವಾಗಿ ಸಿಟ್ಟು ಬರುವುದು ನಗುವವರ ಮೇಲಲ್ಲ, ಹೊಗಳುವವರ ಮೇಲೆ. ಗೌರಿಬಿದನೂರಿನ ಒಂದು ಮದುವೆಯಲ್ಲಿ, ಅತ್ತೆಯ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಉಪದೇಶ ಶುರುಮಾಡಿದರು. "ನೋಡ್ರಮ್ಮಾ ನಿಮ್ಮತ್ತೇನ. ಹೆಣ್ಮಕ್ಕಳು ಅಂದ್ರೆ ಹಿಂಗಿರಬೇಕು."

ಅತ್ತೆ ಒಬ್ಬಟ್ಟು ಬಿಟ್ಟು ಎದ್ದರು. "ಅಣ್ಣಯ್ಯ, ನನ್ನ ತೋಳು ತೋರ್ಸಿ ಮಕ್ಕಳನ್ನ ಹೆದರಿಸಬೇಡ. ನಾನು ಹಾಕ್ಕೊಳ್ಳೋದು ನನ್ನ ಖುಷಿಗೆ. ನಿನ್ನ ಮರ್ಯಾದೆ ಕಾಯೋಕಲ್ಲ."

ದೊಡ್ಡಪ್ಪ ಪಾಯಸದ ಕಡೆ ತಿರುಗಿಕೊಂಡರು.

ಇನ್ನು ನನ್ನ ವಿಷಯ. ನನ್ನ ಎಡತೋಳಿನ ಮೇಲೆ ಅಂಗೈಯಗಲದ ಬಿಳಿ ಮಚ್ಚೆಯಿದೆ. ಹದಿನಾಲ್ಕರಲ್ಲಿ ಕಾಣಿಸಿಕೊಂಡಿತು; ಅದು ಕೆಳಕ್ಕೆ ಹರಡಿದ ಹಾಗೆಲ್ಲ ಅಮ್ಮ ನನ್ನ ಅಂಗಿಯ ತೋಳನ್ನೂ ಇಳಿಸುತ್ತಾ ಬಂದಳು. ಮದುವೆ ಗೊತ್ತಾದ ಹುಡುಗನಿಗೆ ಮೊದಲೇ ತೋರಿಸಿದ್ದೆ. "ಸರಿ, ಅದಕ್ಕೇನೀಗ?" ಅಂದಿದ್ದ. ನಿಶ್ಚಿತಾರ್ಥಕ್ಕೆ ತೋಳಿಲ್ಲದ ರವಿಕೆ ತೊಡಬೇಕು, ಒಂದು ದಿನವಾದರೂ ಬಚ್ಚಿಡದೆ ಎಲ್ಲರೆದುರು ನಿಲ್ಲಬೇಕು ಅಂತ ನನ್ನ ಆಸೆ. ದೊಡ್ಡಪ್ಪ ಕೇಳಿಸಿಕೊಳ್ಳಲೂ ಇಲ್ಲ. "ಹುಡುಗ ಒಪ್ಪಿದ್ರೆ ಆಯ್ತಾ? ಅವರ ನೆಂಟರ ಬಾಯಿ ಮುಚ್ಚೋರು ಯಾರು? ಅತ್ತೆ ಥರಾನೇ ಫುಲ್ ತೋಳು ಹೊಲಿಸಿ. ಯಾರಿಗೂ ಅನುಮಾನ ಬರಲ್ಲ."

ಅಲ್ಲೇ ಕೂತಿದ್ದ ಅತ್ತೆ ರವಿಕೆಯ ಬಟ್ಟೆ ಮಡಚಿಕೊಂಡು ಸಾಹೇಬರ ಅಂಗಡಿಗೆ ಹೊರಟೇಬಿಟ್ಟರು. ನನಗೆ ಅಳುವೇ ಬಂತು. ಇವರೂ ಹೀಗೇನಾ?

ಚಿಕ್ಕಬಳ್ಳಾಪುರದ ಛತ್ರದಲ್ಲಿ, ನಿಶ್ಚಿತಾರ್ಥದ ಬೆಳಿಗ್ಗೆ, ಅತ್ತೆ ಒಂದು ಪೊಟ್ಟಣ ಕೈಗಿಟ್ಟರು. ಬಿಚ್ಚಿದೆ. ತೋಳೇ ಇಲ್ಲ!

ಉಟ್ಟು ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ದೊಡ್ಡಪ್ಪ. "ಏನಮ್ಮಾ ಇದು ಅವತಾರ? ಹೊರಗೆ ನೆಂಟರೆಲ್ಲಾ ಕೂತವ್ರೆ! ಬೇರೆ ರವಿಕೆ ತರಿಸ್ರೋ!"

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಕೂತಿರ್ಲಿ. ನಾನು ಮುಚ್ಕೊಂಡಿದ್ದು ನನ್ನಿಷ್ಟಕ್ಕೆ ಅಣ್ಣಯ್ಯ. ನಿನ್ನ ಹೆದರಿಕೆಗೆ ನನ್ನ ತೋಳು ಎರವಲು ಕೊಡಲ್ಲ. ಹೋಗು, ಆರತಿ ತಟ್ಟೆ ರೆಡಿ ಆಯ್ತಾ ನೋಡು." ಬಾಗಿಲು ಹಾಕಿ ಚಿಲಕವನ್ನೂ ಹಾಕಿದರು.

ಗೆದ್ದೆವಲ್ಲ! ಆದರೆ ನೋಡಿ ನನ್ನ ಹಣೆಬರಹ: ಅಷ್ಟು ಹಠ ಮಾಡಿದವಳು ಕನ್ನಡಿ ನೋಡಿದೊಡನೆ ಗೊತ್ತಿಲ್ಲದೆಯೇ ಸೆರಗನ್ನು ಎಡತೋಳಿನ ಮೇಲೆ ಎಳೆದುಕೊಂಡೆ. ಈಗ ಬೈಗುಳ ಗ್ಯಾರಂಟಿ ಅಂದುಕೊಂಡೆ.

"ಮುಚ್ಕೋತೀಯಾ? ಮುಚ್ಕೋ. ನಾನು ಇಡೀ ಜನ್ಮ ಮುಚ್ಕೊಂಡಿಲ್ವಾ?" ಅಂದರು ಅತ್ತೆ ಮೆತ್ತಗೆ. "ಆದ್ರೆ ನಿಂಗೆ ಬೇಕು ಅಂತ ಮುಚ್ಕೋ ತಾಯಿ. ನಾಚಿಕೆಗೆ ಮಾತ್ರ ಬೇಡ."

ಕನ್ನಡಿಯಲ್ಲಿ ಇನ್ನೊಮ್ಮೆ ನೋಡಿಕೊಂಡೆ. ಆಮೇಲೆ ಸೆರಗನ್ನು ಹಿಂದಕ್ಕೆ ಬಿಟ್ಟೆ.

ಅತ್ತೆ ಬಗ್ಗಿ ಆ ಮಚ್ಚೆಗೇ ಒಂದು ಮುತ್ತು ಕೊಟ್ಟರು. ಅಷ್ಟು ವರ್ಷಗಳಲ್ಲಿ ಡಾಕ್ಟರನ್ನು ಬಿಟ್ಟು ಯಾರೂ ಅದನ್ನು ಮುಟ್ಟಿರಲಿಲ್ಲ, ಅಮ್ಮನೂ ಸಹ.